ದೊಡ್ಡ ಕಣಜಗಳು ಕುಸಿಯುವುದೇಕೆ?

ಕಳೆದ ಕೊಯ್ಲು ಮುಗಿದ ಮೇಲೆ ನಮ್ಮ ಸಂಘದ ಕಚೇರಿಗೆ ಇಬ್ಬರು ಸದಸ್ಯರು ಒಂದೇ ವಿಚಾರ ಹಿಡಿದು ಬಂದರು. ಬಯಲುಸೀಮೆಯ ಕಡೆ ಮುಚ್ಚಿಹೋದ ಒಂದು ಗಿರಣಿಯ ಉಕ್ಕಿನ ಕಣಜ, ಅಂದರೆ ಈಗ ಎಲ್ಲರೂ ಸೈಲೋ ಎಂದು ಕರೆಯುವ ಎತ್ತರದ ತಗಡಿನ ಗೋಪುರ, ಅಗ್ಗದ ಬೆಲೆಗೆ ಸಿಗುತ್ತದೆಯಂತೆ. ಬಿಚ್ಚಿ ತಂದು ಇಲ್ಲಿ ನಿಲ್ಲಿಸಿಕೊಂಡರೆ ಚೆರ್ರಿ ಕಾಫಿಯನ್ನೂ ಗದ್ದೆಯ ಭತ್ತವನ್ನೂ ಚೀಲದ ಖರ್ಚಿಲ್ಲದೆ ಸುರಿದಿಡಬಹುದು, ಧಾರಣೆ ಏರಿದಾಗ ಮಾರಬಹುದು. ನಾಲ್ಕೈದು ಮನೆಯವರು ಸೇರಿ ಕೊಂಡರೆ ಹೇಗೆ ಎಂಬುದು ಅವರ ಪ್ರಶ್ನೆ. ನಾವು ತಕ್ಷಣ ಉತ್ತರ ಹೇಳಲಿಲ್ಲ. ಪ್ರಶ್ನೆ ಬೆಲೆಯದಾಗಿದ್ದರೆ ಹೇಳಿಬಿಡಬಹುದಾಗಿತ್ತು. ಆದರೆ ನಮ್ಮ ಮನಸ್ಸಿನಲ್ಲಿ ವಿಜಯಪುರದ ಸುದ್ದಿ ಇನ್ನೂ ಮಾಸಿರಲಿಲ್ಲ.

2023ರ ಡಿಸೆಂಬರ್ 4ರ ಸಂಜೆ ವಿಜಯಪುರದ ಕೈಗಾರಿಕಾ ಪ್ರದೇಶದ ಒಂದು ಆಹಾರ ಸಂಸ್ಕರಣಾ ಘಟಕದಲ್ಲಿ ಮೆಕ್ಕೆಜೋಳದ ದಾಸ್ತಾನು ಕುಸಿದು ಬಿದ್ದಿತು. ಕೆಳಗೆ ಕೆಲಸ ಮಾಡುತ್ತಿದ್ದವರು ಜೋಳದ ರಾಶಿಯಡಿ ಸಿಕ್ಕಿಕೊಂಡರು. ರಾತ್ರಿಯಿಡೀ ಯಂತ್ರಗಳನ್ನು ತಂದು ರಾಶಿ ತೆಗೆಯಬೇಕಾಯಿತು. ಏಳು ಮಂದಿ ಸತ್ತರು. ಎಲ್ಲರೂ ಬಿಹಾರದಿಂದ ಕೂಲಿಗೆಂದು ಬಂದವರು. ನಮ್ಮ ತೋಟಗಳಿಗೂ ಕೊಯ್ಲಿನ ಕಾಲಕ್ಕೆ ದೂರದ ರಾಜ್ಯಗಳಿಂದ ಕೆಲಸದವರು ಬರುತ್ತಾರೆ. ನಾವು ಕೊಂಡುತಂದ ಗೋಪುರದ ಕೆಳಗೆ ಚೀಲ ಹಿಡಿದು ನಿಲ್ಲುವವರು ಅವರೇ. ಆದುದರಿಂದ ಈ ಸಂಚಿಕೆಯಲ್ಲಿ ಕಣಜದ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಕಣಜ ನಮಗೆ ಹೊಸದೇನಲ್ಲ. ಮಲೆನಾಡಿನ ಹಳೆಯ ಮನೆಗಳಲ್ಲಿ ಹಲಗೆಯ ಪಣತ ಇಂದಿಗೂ ಇದೆ, ಹಲವು ಕಡೆ ಸೌದೆ ಇಡುವುದಕ್ಕೆ ಬಳಕೆಯಾಗುತ್ತಿದೆ ಅಷ್ಟೆ. ಬಿದಿರು ಹೆಣೆದು ಸಗಣಿ ಸಾರಿಸಿದ ಕಣಜವನ್ನು ಕಂಡವರು ಇನ್ನೂ ಇದ್ದಾರೆ. ಕರಾವಳಿಯವರು ಅಕ್ಕಿಯನ್ನು ಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುತ್ತಿದ್ದರು. ಉತ್ತರ ಕರ್ನಾಟಕದವರು ನೆಲ ಅಗೆದು ಹಗೇವಿನಲ್ಲಿ ಜೋಳ ತುಂಬುತ್ತಿದ್ದರು. ಅಲ್ಲಿ ಧಾನ್ಯದ ಒತ್ತಡವನ್ನೆಲ್ಲ ಸುತ್ತಲಿನ ಭೂಮಿಯೇ ತಡೆದುಕೊಳ್ಳುತ್ತಿತ್ತು, ಅಪಾಯವಿದ್ದದ್ದು ಒಳಗಿನ ಕೆಟ್ಟ ಗಾಳಿಯಿಂದ ಮಾತ್ರ. ಇವೆಲ್ಲ ಕುಳ್ಳಗೆ, ಅಗಲವಾಗಿ ಇದ್ದವು. ಬಿದಿರಿನ ಕಣಜಕ್ಕೆ ಭಾರ ಹೆಚ್ಚಾದರೆ ಹೊಟ್ಟೆ ಬರುತ್ತಿತ್ತು, ಹೆಣಿಗೆ ಕಿರುಗುಟ್ಟುತ್ತಿತ್ತು, ಮನೆಯ ಹಿರಿಯರು ಒಂದು ಹಗ್ಗ ಸುತ್ತಿ ಬಿಗಿಯುತ್ತಿದ್ದರು. ತೆಳು ಉಕ್ಕಿನ ಗೋಪುರ ಹಾಗೆ ಮುನ್ಸೂಚನೆ ಕೊಟ್ಟು ಬೀಳುವಂಥದ್ದಲ್ಲ. ಹತ್ತು ವರ್ಷ ನೆಟ್ಟಗೆ ನಿಂತದ್ದು ಒಂದು ನಿಮಿಷದಲ್ಲಿ ಮಡಿಚಿಕೊಳ್ಳುತ್ತದೆ.

ಏಕೆ ಹೀಗೆ ಎಂಬುದಕ್ಕೆ ಉತ್ತರ ಧಾನ್ಯದ ಸ್ವಭಾವದಲ್ಲಿದೆ. ನಮ್ಮಲ್ಲಿ ಹೆಚ್ಚಿನವರಿಗೆ ನೀರಿನ ತೊಟ್ಟಿ ಕಟ್ಟಿಸಿ ಗೊತ್ತು. ನೀರು ಆಳ ಹೆಚ್ಚಿದಂತೆ ಒತ್ತುತ್ತದೆ, ತೊಟ್ಟಿಯ ತಳ ಎಲ್ಲ ಭಾರವನ್ನೂ ಹೊರುತ್ತದೆ. ಧಾನ್ಯವೂ ಹಾಗೇ ಎಂದು ನೂರೈವತ್ತು ವರ್ಷಗಳ ಹಿಂದಿನ ಇಂಜಿನಿಯರುಗಳೂ ತಿಳಿದಿದ್ದರು. ಜರ್ಮನಿಯ ಬ್ರೆಮೆನ್ ನಗರದ ಯಾನ್ಸೆನ್ ಎಂಬ ಇಂಜಿನಿಯರು ಒಂದು ಸರಳ ಪ್ರಯೋಗ ಮಾಡಿ 1895ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಮರದ ಚೌಕ ಪೆಟ್ಟಿಗೆಗಳನ್ನು ಮಾಡಿಸಿ, ತಳವನ್ನು ಗೋಡೆಗಳಿಂದ ಬೇರೆಯಾಗಿಸಿ ತಕ್ಕಡಿಯ ಮೇಲೆ ಕೂರಿಸಿ, ಮೇಲಿನಿಂದ ಧಾನ್ಯ ಸುರಿಯುತ್ತಾ ಹೋದರು. ಮೊದಮೊದಲು ತಕ್ಕಡಿ ಏರಿತು. ಪೆಟ್ಟಿಗೆಯ ಅಗಲದ ಕೆಲವು ಪಟ್ಟು ಎತ್ತರಕ್ಕೆ ತುಂಬಿದ ಮೇಲೆ ಎಷ್ಟು ಸುರಿದರೂ ತಕ್ಕಡಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಸುರಿದ ಧಾನ್ಯದ ಭಾರ ಎಲ್ಲಿಗೆ ಹೋಯಿತು? ಕಾಳು ಗೋಡೆಗೆ ಉಜ್ಜಿಕೊಂಡು ನಿಲ್ಲುತ್ತದೆ. ಆ ಉಜ್ಜುವಿಕೆಯ ಮೂಲಕ ಭಾರವೆಲ್ಲ ಗೋಡೆಗೆ ನೇತುಬೀಳುತ್ತದೆ.

ನಂಬಿಕೆ ಬಾರದವರು ಮನೆಯಲ್ಲೇ ನೋಡಬಹುದು. ಎರಡಿಂಚಿನ ಪ್ಲಾಸ್ಟಿಕ್ ಪೈಪಿನ ಎರಡು ಅಡಿ ತುಂಡನ್ನು ಅಂಗಡಿಯ ತಕ್ಕಡಿಯ ತಟ್ಟೆಗೆ ತಾಗೀ ತಾಗದಂತೆ, ಕಾಳು ನುಸುಳದಷ್ಟು ಸಂದು ಬಿಟ್ಟು, ಯಾರಾದರೊಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಲಿ. ಮೇಲಿನಿಂದ ಅಕ್ಕಿ ಸುರಿಯಿರಿ. ತಕ್ಕಡಿ ಸ್ವಲ್ಪ ಹೊತ್ತಿಗೇ ಏರುವುದನ್ನು ನಿಲ್ಲಿಸುತ್ತದೆ, ಪೈಪು ಹಿಡಿದವರ ಕೈ ಭಾರವಾಗುತ್ತದೆ. ನಮ್ಮ ಕಚೇರಿಯ ಹುಡುಗರು ಮಾಡಿ ನೋಡಿ ನಕ್ಕರು.

ಇದನ್ನು ದೊಡ್ಡ ಕಣಜಕ್ಕೆ ಹೊಂದಿಸಿ ಲೆಕ್ಕ ಹಾಕಿದರೆ ನಗು ನಿಲ್ಲುತ್ತದೆ. 6 ಮೀಟರ್ ಅಡ್ಡಳತೆ, 20 ಮೀಟರ್ ಎತ್ತರದ ದುಂಡು ಕಣಜದಲ್ಲಿ ಗೋಧಿ ತುಂಬಿದರೆ ಸುಮಾರು 450 ಟನ್ ಹಿಡಿಯುತ್ತದೆ. ಯಾನ್ಸೆನ್ ಸೂತ್ರಕ್ಕೆ ಸಾಮಾನ್ಯ ಘರ್ಷಣೆಯ ಅಂಕಿಗಳನ್ನು ಹಾಕಿದಾಗ ತಳದ ಮೇಲೆ ಕೂರುವುದು ಹತ್ತಿರ ಹತ್ತಿರ 170 ಟನ್. ಉಳಿದ 280 ಟನ್ ಆ ತೆಳು ತಗಡಿನ ಗೋಡೆಯ ಮೇಲೆ. ಪಕ್ಕಕ್ಕೆ ತಳ್ಳುವ ಒತ್ತಡವೇನೋ ಅಷ್ಟೇ ಎತ್ತರದ ನೀರಿಗಿಂತ ಬಹಳ ಕಡಿಮೆ. ಅದನ್ನು ನೋಡಿಯೇ ಜನ ತಗಡು ಸಾಕೆಂದುಕೊಳ್ಳುತ್ತಾರೆ. ಆದರೆ ಗೋಡೆ ಇಲ್ಲಿ ಬರಿಯ ಬೇಲಿಯಲ್ಲ, ಕಂಬದ ಕೆಲಸವನ್ನೂ ಮಾಡುತ್ತಿದೆ. ಒಂದು ಹಾಳೆ ಕಾಗದವನ್ನು ಸುರುಳಿ ಸುತ್ತಿ ಅಂಟಿಸಿ ನಿಲ್ಲಿಸಿದರೆ ಅದು ದಪ್ಪ ಪುಸ್ತಕವನ್ನೇ ಹೊರುತ್ತದೆ. ಪಕ್ಕದಿಂದ ಬೆರಳಲ್ಲಿ ಸ್ವಲ್ಪ ಅದುಮಿ ತಗ್ಗು ಮಾಡಿ, ಪುಸ್ತಕ ನೆಲಕ್ಕೆ ಬರುತ್ತದೆ. ಉಕ್ಕಿನ ಕಣಜಕ್ಕೆ ಲಾರಿ ತಾಗಿ ಒಂದು ತಗ್ಗಾದರೆ, ಬುಡದ ಸುತ್ತಿನಲ್ಲಿ ತುಕ್ಕು ತಿಂದಿದ್ದರೆ, ಬಿಚ್ಚಿ ಜೋಡಿಸುವಾಗ ನಾಲ್ಕು ಬೋಲ್ಟು ತಪ್ಪಿಹೋಗಿದ್ದರೆ ಅಥವಾ ಅಲ್ಲಿಗೆ ಸಂತೆಯ ಬೋಲ್ಟು ಹಾಕಿದ್ದರೆ ಆಗುವುದೂ ಇದೇ.

ಇದುವರೆಗೆ ಹೇಳಿದ್ದು ಸುಮ್ಮನೆ ನಿಂತಿರುವ ಧಾನ್ಯದ ಮಾತು. ನಮ್ಮ ಓದುಗರು ಮುಖ್ಯವಾಗಿ ಮನಸ್ಸಿಗೆ ತಂದುಕೊಳ್ಳಬೇಕಾದ್ದು ಮುಂದಿನದು. ಕಣಜ ತುಂಬುವಾಗ ಎಲ್ಲರೂ ಎಚ್ಚರದಿಂದ ಇರುತ್ತಾರೆ, ತುಂಬಿ ಬೀಳದೆ ನಿಂತರೆ ಗೆದ್ದೆವೆಂದು ಮನೆಗೆ ಹೋಗುತ್ತಾರೆ. ನಿಜವಾದ ಪರೀಕ್ಷೆ ಕೆಳಗಿನ ಬಾಗಿಲು ತೆಗೆದಾಗ. ಕಾಳು ಹರಿಯತೊಡಗಿದೊಡನೆ ಒಳಗಿನ ಒತ್ತಡದ ವ್ಯವಸ್ಥೆ ಪೂರಾ ಬದಲಾಗುತ್ತದೆ. ನಿಂತ ಧಾನ್ಯ ಗೋಡೆಯನ್ನು ಎಷ್ಟು ತಳ್ಳುತ್ತಿತ್ತೋ ಅದಕ್ಕಿಂತ ಹೆಚ್ಚಾಗಿ ಹರಿಯುವ ಧಾನ್ಯ ತಳ್ಳುತ್ತದೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಈ ಹರಿವಿನ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿದ್ದ ಆಂಡ್ರ್ಯೂ ಜೆನಿಕೆ. 1961 ಮತ್ತು 1964ರಲ್ಲಿ ಅವರು ಹೊರತಂದ ವರದಿಗಳನ್ನು ಕಣಜ ಕಟ್ಟುವವರು ಇಂದಿಗೂ ತೆರೆದು ನೋಡುತ್ತಾರೆ.

ಬಾಗಿಲು ಕಣಜದ ನಡುಮಧ್ಯದಲ್ಲಿದ್ದರೆ ಅಪಾಯ ಹತೋಟಿಯಲ್ಲಿರುತ್ತದೆ. ಮಧ್ಯದಲ್ಲಿ ಸುಳಿ ಬಿದ್ದಂತೆ ಧಾನ್ಯ ಇಳಿಯುತ್ತದೆ, ಸುತ್ತಲಿನ ಗೋಡೆಗೆ ಒತ್ತಡ ಒಂದೇ ತೆರನಾಗಿರುತ್ತದೆ. ದುಂಡು ಗೋಡೆ ಆಗ ಗಾಡಿ ಚಕ್ರದ ಪಟ್ಟಿಯ ಹಾಗೆ ಬಿಗಿದು ನಿಲ್ಲುತ್ತದೆ. ಉಕ್ಕಿಗೆ ಅಂಥ ಎಳೆತ ತಡೆಯುವುದು ಕಷ್ಟವಲ್ಲ. ಆದರೆ ಲಾರಿಗೆ ಅನುಕೂಲವಾಗಲೆಂದು ಗೋಡೆಯ ಪಕ್ಕದಲ್ಲಿ ಒಂದು ಕಿಂಡಿ ಕೊರೆದು ಅಲ್ಲಿಂದ ಧಾನ್ಯ ಬಿಟ್ಟರೆ ಏನಾಗುತ್ತದೆ? ಆ ಪಕ್ಕದ ಗೋಡೆಗುಂಟ ಒಂದು ಓಣಿಯಲ್ಲಿ ಮಾತ್ರ ಧಾನ್ಯ ಇಳಿಯುತ್ತದೆ. ಓಣಿಯಲ್ಲಿ ಒತ್ತಡ ಕಡಿಮೆ, ಉಳಿದ ಕಡೆ ಮೊದಲಿನಂತೆಯೇ ಹೆಚ್ಚು. ದುಂಡಗಿದ್ದ ಗೋಡೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಓಣಿಯ ಎರಡು ಅಂಚಿನಲ್ಲಿ ಮೇಲಿನಿಂದ ಬರುವ ಭಾರ ಒಟ್ಟುಗೂಡುತ್ತದೆ. ತಗಡು ಅಲ್ಲಿ ಒಳಕ್ಕೆ ಮಡಿಚುತ್ತದೆ, ಮೇಲಿನದೆಲ್ಲ ಅದರ ಹಿಂದೆ ಬರುತ್ತದೆ. ಕುಸಿದ ಕಣಜಗಳನ್ನು ಪರಿಶೀಲಿಸಿದ ತಜ್ಞರು ಪ್ರಪಂಚದಾದ್ಯಂತ ಪದೇ ಪದೇ ಎತ್ತಿ ಹೇಳುವ ಕಾರಣಗಳಲ್ಲಿ ಈ ಪಕ್ಕದ ಕಿಂಡಿಗೆ ಮೊದಲ ಸಾಲಿನ ಸ್ಥಾನವಿದೆ. ಆ ಹೊತ್ತಿನಲ್ಲಿ ಜನ ನಿಂತಿರುವುದೂ ಕಿಂಡಿಯ ಬಳಿಯೇ ಎಂಬುದನ್ನು ಮರೆಯುವಂತಿಲ್ಲ.

ಇನ್ನು ನಮ್ಮ ಕಾಫಿಯ ವಿಚಾರ. ಚೆರ್ರಿ ಗೋಧಿಗಿಂತ ಹಗುರ ತಾನೇ, ಗೋಧಿ ತಡೆದ ಕಣಜ ಚೆರ್ರಿಯನ್ನು ತಡೆಯದೇ ಎಂದು ಆ ಸದಸ್ಯರಲ್ಲಿ ಒಬ್ಬರು ಕೇಳಿದರು. ತರ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಗೋಧಿ ನುಣುಪು, ಸಲೀಸಾಗಿ ಜಾರುತ್ತದೆ. ಸಿಪ್ಪೆಯಿರುವ ಒಣ ಚೆರ್ರಿ ಒರಟು. ಸ್ವಲ್ಪ ಹಸಿ ಇದ್ದರೆ ಒಂದಕ್ಕೊಂದು ಅಂಟಿಕೊಂಡು ಬಾಗಿಲಿನ ಮೇಲೆ ಕಮಾನು ಕಟ್ಟಿ ನಿಂತುಬಿಡುತ್ತದೆ. ಭತ್ತವೂ ಅಷ್ಟೆ, ಹೊಟ್ಟು ಕಸ ಸೇರಿದ್ದರೆ ಇನ್ನೂ ಹೆಚ್ಚು. ಕೆಳಗೆ ಖಾಲಿ, ಮೇಲೆ ಟನ್ನುಗಟ್ಟಲೆ ಸರಕು ಕಮಾನಿನ ಮೇಲೆ ನಿಂತಿದೆ. ಆಗ ನಮ್ಮವರು ಏನು ಮಾಡುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಸುತ್ತಿಗೆ ತಂದು ತಗಡಿಗೆ ಬಡಿಯುತ್ತಾರೆ, ಕೆಳಗಿನಿಂದ ಗಳ ತೂರಿಸಿ ತಿವಿಯುತ್ತಾರೆ. ಅದಕ್ಕೂ ಬಗ್ಗದಿದ್ದರೆ ಒಬ್ಬ ಹುಡುಗ ಒಳಗೆ ಇಳಿದು ಕಾಲಲ್ಲಿ ತುಳಿಯುತ್ತಾನೆ. ಕಮಾನು ಮುರಿದಾಗ ಮೇಲಿನ ಸರಕೆಲ್ಲ ಒಂದೇ ಏಟಿಗೆ ಕೊಳವೆಯ ಮೇಲೆ ಅಪ್ಪಳಿಸುತ್ತದೆ. ನಿಂತ ಭಾರಕ್ಕೆಂದು ಕಟ್ಟಿದ ಕೊಳವೆ, ಅದನ್ನು ಗೋಡೆಗೆ ಕಟ್ಟಿದ ಬೆಸುಗೆ, ಬಿದ್ದ ಭಾರವನ್ನು ತಡೆಯಲಾರವು. ಒಳಗಿಳಿದವನ ಗತಿ ಹೇಳಬೇಕಾಗಿಲ್ಲ: ಹರಿಯುವ ಕಾಳಿನಲ್ಲಿ ಮನುಷ್ಯ ಅರ್ಧ ನಿಮಿಷದೊಳಗೆ ಪೂರ್ತಿ ಮುಳುಗಿಹೋಗಬಲ್ಲ, ಸೊಂಟದವರೆಗೆ ಹೂತವನನ್ನು ಕೈಹಿಡಿದು ಎಳೆದು ತೆಗೆಯುವುದು ನಾಲ್ಕು ಜನರಿಂದಲೂ ಆಗದು.

ಕಟ್ಟಡ ಗಟ್ಟಿಯಿದ್ದರೆ ಸಾಕೆ ಎಂದರೆ ಅದೂ ಇಲ್ಲ. ಕೆನಡಾ ದೇಶದ ವಿನ್ನಿಪೆಗ್ ನಗರದ ಪಕ್ಕ ಟ್ರಾನ್ಸ್‌ಕೋನಾದಲ್ಲಿ ನಡೆದದ್ದನ್ನು ಸಿವಿಲ್ ಇಂಜಿನಿಯರಿಂಗ್ ಕಲಿಯುವ ಮಕ್ಕಳಿಗೆ ಇಂದಿಗೂ ಪಾಠವಾಗಿ ಹೇಳುತ್ತಾರೆ. ಅಲ್ಲಿ ಕೆನೆಡಿಯನ್ ಪೆಸಿಫಿಕ್ ರೈಲ್ವೆಯವರು 1911ರಲ್ಲಿ ಆರಂಭಿಸಿ 1913ರಲ್ಲಿ ಮುಗಿಸಿದ ಕಾಂಕ್ರೀಟಿನ ಉಗ್ರಾಣದಲ್ಲಿ 65 ದುಂಡು ಕಣಜಗಳಿದ್ದವು, ಎಲ್ಲಕ್ಕೂ ಸೇರಿ ಒಂದೇ ದಪ್ಪ ಕಾಂಕ್ರೀಟ್ ಹಾಸು. ಸುಗ್ಗಿಯ ಗೋಧಿ ತುಂಬುತ್ತಾ ಬಂದರು. ಅಕ್ಟೋಬರ್ 18ರಂದು ಎಂಟೂಮುಕ್ಕಾಲು ಲಕ್ಷ ಬುಷೆಲ್, ನಮ್ಮ ಲೆಕ್ಕದಲ್ಲಿ ಸುಮಾರು 24 ಸಾವಿರ ಟನ್, ಒಳಗಿದ್ದಾಗ ಕಟ್ಟಡ ಒಂದು ಗಂಟೆಯೊಳಗೆ ಒಂದಡಿಯಷ್ಟು ಕೆಳಗಿಳಿಯಿತು. ಅನಂತರ ಪಶ್ಚಿಮಕ್ಕೆ ವಾಲತೊಡಗಿತು. ಬೀಳಲಿಲ್ಲ, ಸಿಡಿಯಲಿಲ್ಲ, ಒಂದು ಹಗಲು ಒಂದು ರಾತ್ರಿ ಮೆಲ್ಲನೆ ವಾಲುತ್ತಲೇ ಹೋಗಿ ಸುಮಾರು 27 ಡಿಗ್ರಿ ಓರೆಯಾಗಿ ನಿಂತಿತು. ಒಂದು ಪಕ್ಕ 7 ಮೀಟರಿಗೂ ಹೆಚ್ಚು ನೆಲದೊಳಗೆ ಹೂತುಹೋಗಿತ್ತು, ಇನ್ನೊಂದು ಪಕ್ಕ ಮೇಲೆದ್ದಿತ್ತು. ಗೋಡೆಗಳು ಮಾತ್ರ ಅಖಂಡವಾಗಿದ್ದವು.

ಮಣ್ಣು ಪರೀಕ್ಷೆ ಮಾಡಿಸಿರಲಿಲ್ಲವೇ? ಮಾಡಿಸಿದ್ದರು. ಪಾಯದ ಆಳದಲ್ಲಿ ಒಂದು ಸಣ್ಣ ಹಲಗೆಯಿಟ್ಟು ಭಾರ ಹೇರಿ ನೋಡಿದ್ದರು, ಮಣ್ಣು ಚೆನ್ನಾಗಿ ತಡೆದಿತ್ತು. ಸಣ್ಣ ಹಲಗೆಯ ಭಾರ ಮೇಲಿನ ಗಟ್ಟಿ ಜೇಡಿಯನ್ನಷ್ಟೇ ಮುಟ್ಟುತ್ತದೆ. ದೊಡ್ಡ ಹಾಸಿನ ಭಾರ ಆಳಕ್ಕೆ ಇಳಿಯುತ್ತದೆ, ಆಳದಲ್ಲಿದ್ದದ್ದು ಮೆತ್ತನೆಯ ಜೇಡಿ. 1951ರಲ್ಲಿ ಅಲ್ಲಿ ಮತ್ತೆ ಆಳವಾಗಿ ಕೊರೆದು ಮಣ್ಣು ತೆಗೆದು, ರಾಲ್ಫ್ ಪೆಕ್ ಮತ್ತು ಬ್ರಯಂಟ್ ಎಂಬ ತಜ್ಞರು ಲೆಕ್ಕ ಹಾಕಿ 1953ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದು ಸ್ಪಷ್ಟವಾಯಿತು. ಅಂದಹಾಗೆ ಆ ಕಟ್ಟಡವನ್ನು ಬಿಟ್ಟುಬಿಡಲಿಲ್ಲ. ಗೋಧಿ ಖಾಲಿ ಮಾಡಿ, ಅಡಿಯಿಂದ ಬಂಡೆಯವರೆಗೆ ಕಂಬಗಳನ್ನು ಇಳಿಸಿ, ಜಾಕುಗಳಿಂದ ಎತ್ತಿ, 1914ರಲ್ಲಿ ನೆಟ್ಟಗೆ ನಿಲ್ಲಿಸಿದರು; ಮತ್ತೆ ದಶಕಗಳ ಕಾಲ ಅದು ಗೋಧಿ ಹಿಡಿಯಿತು. ಅಂಥ ಸಾಹಸಕ್ಕೆ ರೈಲ್ವೆ ಕಂಪನಿಯ ಕೈಚೀಲ ಬೇಕು.

ಇಷ್ಟು ದೂರದ ಕಥೆ ಹೇಳಿದ್ದಕ್ಕೆ ಕಾರಣವಿದೆ. ಕರಾವಳಿಯಲ್ಲಿಯೂ ಘಟ್ಟದ ಬುಡದಲ್ಲಿಯೂ ಅಡಿಕೆ ತೋಟವಿರುವ ನಮ್ಮ ಸದಸ್ಯರಿಗೆ ಮುರಕಲ್ಲಿನ ನೆಲ ಗೊತ್ತು. ಮೇಲೆ ಹಾರೆ ಹಾಕಿದರೆ ಕಿಡಿ ಹಾರುತ್ತದೆ. ಬಾವಿ ತೋಡುತ್ತ ಹೋದರೆ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು ಸಿಗುತ್ತದೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದಾಗ ಹಿಟ್ಟು. ಮಳೆಗಾಲದಲ್ಲಿ ಬಾವಿಯ ಗೋಡೆ ಜರಿಯುವುದು ಈ ಪದರದಲ್ಲಿಯೇ. ಕಾಫಿಯ ಇಳಿಜಾರಿನಲ್ಲಿ ಕಣ ಮಾಡಲು ಮೇಲಿನ ಪಕ್ಕ ಕಡಿದು ಕೆಳಗಿನ ಪಕ್ಕಕ್ಕೆ ಮಣ್ಣು ತುಂಬಿ ಸಮತಟ್ಟು ಮಾಡಿರುತ್ತೇವೆ. ಅರ್ಧ ಗಟ್ಟಿ ನೆಲ, ಅರ್ಧ ತುಂಬಿದ ಮಣ್ಣು. ಕಾಫಿ ಒಣಹಾಕಲು ಅದು ಸಾಕು. ಅದೇ ಕಣದ ಅಂಚಿಗೆ ನೂರಾರು ಟನ್ನಿನ ಗೋಪುರ ನಿಲ್ಲಿಸಿದರೆ ಟ್ರಾನ್ಸ್‌ಕೋನಾದ ಕಥೆ ಸಣ್ಣ ಪ್ರಮಾಣದಲ್ಲಿ ನಮ್ಮಲ್ಲೂ ನಡೆಯುತ್ತದೆ, ಎತ್ತಿ ನಿಲ್ಲಿಸುವ ಭಾಗವೊಂದನ್ನು ಬಿಟ್ಟು.

ಮಳೆಯಿಂದ ಇನ್ನೂ ಎರಡು ತೊಂದರೆಗಳುಂಟು. ತಗಡಿನ ಸಂದಿನಿಂದ ನೀರು ನುಗ್ಗಿದರೆ ಒಳಗಿನ ಧಾನ್ಯ ಉಬ್ಬುತ್ತದೆ. ನೆನೆಹಾಕಿದ ಕಡಲೆ ಪಾತ್ರೆಯ ಮುಚ್ಚಳ ಎತ್ತುವುದನ್ನು ಹೆಂಗಸರು ದಿನಾ ನೋಡುತ್ತಾರೆ. ಕಣಜದಲ್ಲಿ ಉಬ್ಬಿದ ಧಾನ್ಯಕ್ಕೆ ಹೋಗಲು ಜಾಗವಿಲ್ಲದೆ ಗೋಡೆಯನ್ನೇ ತಳ್ಳುತ್ತದೆ, ಬೋಲ್ಟಿನ ಸಾಲು ಸೀಳಿಕೊಳ್ಳುತ್ತದೆ. ಜೊತೆಗೆ ಬಿಸಿಲಿಗೆ ಹಿಗ್ಗಿದ ಉಕ್ಕಿನೊಳಗೆ ಧಾನ್ಯ ಒಂದಿಷ್ಟು ಕೆಳಗೆ ಕೂರುತ್ತದೆ, ರಾತ್ರಿ ಚಳಿಗೆ ಉಕ್ಕು ಕುಗ್ಗಿದಾಗ ಮೇಲೇಳಲಾರದು. ಗೋಡೆ ಪ್ರತಿ ರಾತ್ರಿ ಬಿಗಿಯುತ್ತದೆ. ತಗಡಿನ ಒಳಮೈ ಬೆವರಿ ಕಾಫಿಗೆ ಬೂಷ್ಟು ಹಿಡಿಯುವ ಮಾತು ಬೇರೆಯೇ ಇದೆ, ಅದನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಳ್ಳೋಣ.

ಹಾಗೆಂದು ದೊಡ್ಡ ಕಣಜವೇ ಬೇಡವೆಂದು ನಾವು ಹೇಳುತ್ತಿಲ್ಲ. ಲಕ್ಷಾಂತರ ಟನ್ ಧಾನ್ಯ ದೇಶದಲ್ಲಿ ಕಣಜಗಳಲ್ಲಿ ಸುರಕ್ಷಿತವಾಗಿಯೇ ಇದೆ. ಭಾರತೀಯ ಮಾನಕ ಸಂಸ್ಥೆಯವರು ಕಾಂಕ್ರೀಟ್ ಕಣಜಗಳಿಗೆ 1974ರಲ್ಲಿ ಐ.ಎಸ್. 4995 ಎಂಬ ನಿಯಮಾವಳಿಯನ್ನೂ, ಉಕ್ಕಿನ ಕಣಜಗಳಿಗೆ 1979ರಲ್ಲಿ ಐ.ಎಸ್. 9178 ಎಂಬುದನ್ನೂ ಹೊರಡಿಸಿದರು. ಹರಿಯುವ ಧಾನ್ಯದ ಒತ್ತಡಕ್ಕೆ ಲೆಕ್ಕ ಹಾಕುವ ಕ್ರಮ ಅವುಗಳಲ್ಲಿದೆ. ಕಣಜ ಮಾರುವವರನ್ನು ನಮ್ಮ ಸದಸ್ಯರು ಕೇಳಬೇಕಾದ್ದು ಬೆಲೆಗಿಂತ ಮೊದಲು ಇದನ್ನೇ: ಯಾವ ಸರಕಿಗೆಂದು ಲೆಕ್ಕ ಹಾಕಿದ್ದೀರಿ, ನಕ್ಷೆ ಎಲ್ಲಿ, ಬಾಗಿಲು ಎಲ್ಲಿ, ಪಾಯದ ಮಣ್ಣು ಎಷ್ಟು ಆಳಕ್ಕೆ ಕೊರೆದು ನೋಡಿದ್ದೀರಿ. ನಕ್ಷೆ ಇಲ್ಲದ ಕಣಜಕ್ಕೆ ಕೈಹಾಕದಿರುವುದೇ ಲೇಸು. ಇದ್ದ ಕಣಜದ ಗೋಡೆಗೆ ಇಂಜಿನಿಯರನ್ನು ಕೇಳದೆ ಒಂದು ತೂತನ್ನೂ ಕೊರೆಯಬಾರದು. ಧಾನ್ಯ ಬಿಡುವಾಗ ಬುಡದಲ್ಲಿ ಬೇಡದ ಜನ ನಿಲ್ಲಬಾರದು. ತಗಡಿನಲ್ಲಿ ಹೊಸ ಸುಕ್ಕು ಕಂಡರೆ, ಬೋಲ್ಟು ಟಪ್ಪೆಂದರೆ, ಬಾಗಿಲು ಮುಚ್ಚಲು ಓಡಬೇಡಿ, ದೂರ ಓಡಿ. ಕಮಾನು ಕಟ್ಟಿದರೆ ಒಳಗೆ ಯಾರೂ ಇಳಿಯಕೂಡದು, ಮಾಲೀಕನೂ ಇಳಿಯಕೂಡದು.

ನಮ್ಮಂಥ ಸಣ್ಣ ಹಿಡುವಳಿಯವರಿಗೆ ಕೆಲವು ಕ್ವಿಂಟಾಲಿನ ಮನೆಬಳಕೆಯ ಲೋಹದ ಕಣಜಗಳೂ ಒಣಗಿದ ಗೋದಾಮಿನಲ್ಲಿ ಹಲಗೆಯ ಮೇಲೆ ಜೋಡಿಸಿದ ಚೀಲಗಳೂ ಸಾಲುತ್ತವೆಂಬುದು ನಮ್ಮ ಅಭಿಪ್ರಾಯ. ಚೀಲದ ಅಟ್ಟಿಯನ್ನೂ ಗೋಡೆಗೆ ಒರಗಿಸದೆ, ಅಡ್ಡಡ್ಡ ಹೆಣೆದು, ಕೈಗೆಟಕುವ ಎತ್ತರಕ್ಕೆ ನಿಲ್ಲಿಸಬೇಕು. ಅಟ್ಟಿ ಕುಸಿದರೆ ಅದೂ ಪ್ರಾಣ ತೆಗೆಯುತ್ತದೆ.

ಆ ಇಬ್ಬರು ಸದಸ್ಯರು ನಮ್ಮ ಮಾತು ಕೇಳಿ, ಪರಿಚಯದ ಒಬ್ಬ ಇಂಜಿನಿಯರನ್ನು ಕರೆದುಕೊಂಡು ಕಣಜ ನೋಡಲು ಹೋಗಿ ಬಂದರು. ಹೊರಗಿನಿಂದ ಹೊಸ ಬಣ್ಣ ಬಳಿದು ಚೆನ್ನಾಗಿಯೇ ಕಾಣುತ್ತಿತ್ತಂತೆ. ಇಂಜಿನಿಯರು ಸುತ್ತಲೂ ಕೈಯಾಡಿಸುತ್ತ ನಡೆದು ಒಂದು ಕಡೆ ನಿಂತು ಬಣ್ಣ ಕೆರೆದರು. ಬುಡದಿಂದ ಎದೆಮಟ್ಟದಲ್ಲಿ ಯಾರೋ ಕಿಂಡಿ ಕೊರೆದು, ಆಮೇಲೆ ತಗಡಿನ ತುಂಡಿಟ್ಟು ಬೆಸುಗೆ ಹಾಕಿ ಮುಚ್ಚಿದ್ದರು. ಅದರ ಮೇಲ್ಗಡೆ, ಬಣ್ಣದ ಅಡಿಯಲ್ಲಿ, ತಗಡು ಅಂಗೈಯಷ್ಟು ಒಳಕ್ಕೆ ತಗ್ಗಾಗಿತ್ತು. ಮುಂಗಡ ಕೊಟ್ಟಿರಲಿಲ್ಲವಾದ್ದರಿಂದ ಅವರು ಅಲ್ಲಿಂದಲೇ ಬಸ್ಸು ಹತ್ತಿದರು.